ಅವಳು ನಮ್ಮ ಮನೆ ಮಗುವಲ್ಲ

ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡು ನಾನು ವಾಪಸ್ ಬರುವಷ್ಟರಲ್ಲಿ ನಮ್ಮ ಶೀಟ್ ಮನೆಗಳ ಮುಂದೆ ಪೊಲೀಸ್ ವ್ಯಾನು ನಿಂತಿತ್ತು. ಅದೇನು ನಮಗೆ ಹೊಸದಲ್ಲ. ಸೂಲಿಬೆಲೆಯಿಂದ ಸ್ವಲ್ಪ ಒಳಕ್ಕಿದೆ ನಮ್ಮೂರು. ಹಿಪ್ಪುನೇರಳೆ ತೋಟ ತೆಗೆದ ಮೇಲೆ ಆ ಜಾಗದ ಅಂಚಿನಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಶೀಟ್ ಹೊದಿಸಿ, ಸಾಲಾಗಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಪಿಲ್ಲಗುಂಪೆಯ ಫ್ಯಾಕ್ಟರಿ, ಗೋಡೌನುಗಳ ಕಡೆ ಕೆಲಸಕ್ಕೆ ಹೋಗುವ ಬೇರೆ ಬೇರೆ ಸೀಮೆಯವರು ಅಲ್ಲಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಪೊಲೀಸರು ಬರುತ್ತಾರೆ, ಆಧಾರ್ ನೋಡುತ್ತಾರೆ, ಯಾರನ್ನಾದರೂ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಾರೆ, ಸಂಜೆಯೊಳಗೆ ಬಿಡುತ್ತಾರೆ.

ಕೊನೇ ಮನೆಯಲ್ಲಿದ್ದವರು ಗಂಡ, ಹೆಂಡತಿ, ಐದು ವರ್ಷದ ಹುಡುಗಿ, ಇನ್ನೂ ಮೊಲೆ ಬಿಡದ ಗಂಡು ಕೂಸು. ಗಂಡ ಗುಜರಿ ಗೋಡೌನಿನಲ್ಲಿ ಪ್ಲಾಸ್ಟಿಕ್ ಬೇರೆ, ಕಬ್ಬಿಣ ಬೇರೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ನಮ್ಮ ಕೊಟ್ಟಿಗೆ ಬಾಚಿ, ಸಗಣಿ ತಿಪ್ಪೆಗೆ ಹಾಕಿ, ಹುಲ್ಲು ಕೊಯ್ದು ತರುತ್ತಿದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು, ಅದಕ್ಕೆ ಅವಳ ಮಗಳಿಗೆ ನಾನು ದೊಡ್ಡಮ್ಮ. ಕಲ್ಕತ್ತಾ ಕಡೆಯವರು ಅಂತ ಹೇಳಿದ್ದರು. ಆ ದಿಕ್ಕಿನಿಂದ ಬಂದವರನ್ನೆಲ್ಲ ನಾವು ಕಲ್ಕತ್ತಾದವರು ಅಂತಲೇ ಅನ್ನುವುದು. ಅದಕ್ಕಿಂತ ಆಚೆ ಕೇಳುವ ರೂಢಿ ನಮಗಿರಲಿಲ್ಲ. ಅವರು ಬಾಂಗ್ಲಾದವರು, ಹೆಂಡತಿ ತನ್ನ ಅಪ್ಪ ಅಮ್ಮನ ಕೈ ಹಿಡಿದುಕೊಂಡು ಚಿಕ್ಕಂದಿನಲ್ಲೇ ಗಡಿ ದಾಟಿ ಬಂದವಳು ಅನ್ನುವುದು ನನಗೆ ಗೊತ್ತಾದದ್ದು ಆ ದಿನವೇ.

ಗಂಡ, ಹೆಂಡತಿ, ಕೂಸು ಮೂವರೂ ಆಗಲೇ ವ್ಯಾನಿನೊಳಗೆ ಕೂತಿದ್ದರು. ಹುಡುಗಿ ಮಾತ್ರ ಎಂದಿನಂತೆ ನಮ್ಮ ಹಿತ್ತಿಲಲ್ಲಿ ಅತ್ತೆಯ ಸೌದೆ ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ರಾಗಿ ರೊಟ್ಟಿ ತಿನ್ನುತ್ತಿದ್ದಳು. ಬೆಳಿಗ್ಗೆ ಅವಳಮ್ಮ ಕೊಟ್ಟಿಗೆಗೆ ಬಂದರೆ ಇವಳು ಒಲೆ ಹತ್ತಿರ ಬರುವುದು, ಅತ್ತೆ ಮೊದಲ ರೊಟ್ಟಿ ಇವಳಿಗೆ ಹಾಕುವುದು, ಅದು ಯಾವತ್ತೋ ಶುರುವಾಗಿ ನಡೆದುಕೊಂಡು ಬಂದಿತ್ತು. ಒಬ್ಬ ಪೊಲೀಸಿನವರು ಹಿತ್ತಿಲಿಗೆ ಬಂದು ನಿಂತರು.

"ಅಜ್ಜಿ, ಇದು ಯಾರ ಮಗು?"

ಅತ್ತೆ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. "ನನ್ನ ಮೊಮ್ಮಗಳು. ಮಗಳ ಮಗಳು."

"ಅವರಿಗೆ ಇನ್ನೊಂದು ಹೆಣ್ಮಗು ಐತೆ ಅಂದ್ರಲ್ಲ ಪಕ್ಕದ ಮನೆಯೋರು?"

"ಅದು ಅವ್ರ ನೆಂಟ್ರ ಮನೇಗೆ ಹೋಗೈತೆ. ನಮ್ಗೇನಪ್ಪ ಗೊತ್ತು."

ಅವರು ನನ್ನ ಮುಖ ನೋಡಿದರು. ನಾನು ಖಾಲಿ ಕ್ಯಾನನ್ನು ಬೇಲಿ ಗೂಟಕ್ಕೆ ಬೋರಲು ಹಾಕಿದೆ. ಹಿತ್ತಿಲ ಬೇಲಿಯಾಚೆ ವ್ಯಾನಿನ ಕಿಟಕಿ ಕಾಣುತ್ತಿತ್ತು. ಒಳಗಿದ್ದ ತಾಯಿಗೆ ಈ ಮಾತು ಕೇಳಿಸಿತು. ಮಗಳು ತಿರುಗಿ ನೋಡಿ 'ಮಾ' ಅಂತ ಕೂಗಿಬಿಟ್ಟಾಳು ಅಂತ ಅವಳು ಕೂಸನ್ನು ಎದೆಗೊತ್ತಿಕೊಂಡು ಮುಖ ಆ ಕಡೆಗೆ ತಿರುಗಿಸಿ ಕೂತಳು. ವ್ಯಾನು ಹೊರಟಿತು. ಅತ್ತೆ ಎರಡನೇ ರೊಟ್ಟಿ ಹಾಕಿದರು.

ಸಂಜೆಗೆ ಬಿಡುತ್ತಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಅಷ್ಟು ಹೊತ್ತು ಮಗು ಯಾಕೆ ಸ್ಟೇಷನ್ ಬೆಂಚಿನ ಮೇಲೆ ಒಣಗಬೇಕು, ಇಲ್ಲೇ ಇರಲಿ. ಅತ್ತೆ ಮಾಡಿದ್ದು ಒಳ್ಳೇ ಕೆಲಸವೆಂದೇ ನನಗೂ ಅನ್ನಿಸಿತ್ತು. ಅವಳ ತಾಯಿಗೂ ಹಾಗೇ ಅನ್ನಿಸಿರಬೇಕು, ಇಲ್ಲದಿದ್ದರೆ ಅವಳು ಬಾಯಿ ಬಿಡದೆ ಇರುತ್ತಿರಲಿಲ್ಲ.

ಸಂಜೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ನಮ್ಮ ಯಜಮಾನರು ಸ್ಟೇಷನ್ನಿಗೆ ಹೋಗಿ ವಿಚಾರಿಸಿಕೊಂಡು ಬಂದು ಬೈಕ್ ಸ್ಟ್ಯಾಂಡ್ ಹಾಕುತ್ತಲೇ ಅಂದರು, "ಈ ಸಲ ಬಿಡಲ್ವಂತೆ. ನೆಲಮಂಗಲದ ಆಚೆ ವಿದೇಶದೋರನ್ನ ಇಟ್ಕೊಳೋ ಜಾಗ ಐತಂತಲ್ಲ, ಅಲ್ಲಿಗೆ ಸಾಗ್ಸವ್ರೆ. ಅಲ್ಲಿಂದ ಸೀದಾ ಅವರ ದೇಶಕ್ಕೆ."

"ಮತ್ತೆ ಇವಳು?" ಅಂದೆ.

"ಅದನ್ನ ನಿಮ್ಮತ್ತೇನ ಕೇಳು," ಅಂದರು.

ಮೊದಲ ದಿನಗಳಲ್ಲಿ ಹುಡುಗಿ ಕತ್ತಲಾದ ಮೇಲೆ ಅಳುತ್ತಿದ್ದಳು. ಜೋರಾಗಿ ಅಲ್ಲ. ಮೂಗು ಕಟ್ಟಿಕೊಂಡವರ ಹಾಗೆ ಸೊರ ಸೊರ ಅನ್ನುತ್ತ ಅತ್ತೆಯ ಸೆರಗಿನೊಳಗೆ. ಆಮೇಲೆ ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ ತಮ್ಮ ಮನೆಯ ಬೀಗ ಅಲ್ಲಾಡಿಸಿ ನೋಡಿ ಬರುತ್ತಿದ್ದಳು, ಆಮೇಲೆ ಒಲೆ ಹತ್ತಿರ. ನನ್ನ ಮಗಳು ಚಿಕ್ಕವಳಿದ್ದಾಗಿನ ಲಂಗಗಳು ಟ್ರಂಕಿನಲ್ಲಿದ್ದವು. ಅತ್ತೆ ಅವನ್ನು ತೆಗೆದು ಬಿಸಿಲಿಗೆ ಹಾಕಿ, ಸೊಂಟದ ಹತ್ತಿರ ಹಿಡಿದು ಹೊಲಿದು ತೊಡಿಸಿದರು. ತಲೆಗೆ ಹರಳೆಣ್ಣೆ, ಎರಡು ಜಡೆ, ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ. ಯಾರಾದರೂ ಮತ್ತೆ ಬಂದು ಕೇಳಿದರೆ ಅಂತ ಭಯ ಅವರಿಗೆ. ಅವರೆಕಾಯಿ ಸುಲಿಯುವಾಗ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಡುತ್ತಿದ್ದರು.

"ಯಾರಾದ್ರೂ ನೀನ್ಯಾರು ಅಂದ್ರೆ ಏನಂತಿ?"

"ಈ ಮನೆ ಮೊಮ್ಮಗಳು."

"ನಿಮ್ಮಮ್ಮ ಎಲ್ಲವ್ಳೆ?"

"ಮಾಲೂರಲ್ಲಿ." ನನ್ನ ನಾದಿನಿಯನ್ನು ಕೊಟ್ಟಿರುವುದು ಮಾಲೂರಿಗೆ.

"ಜಾಣೆ. ಬೇರೆ ಏನೂ ಅನ್ಬ್ಯಾಡ. ಅಂದ್ರೆ ವ್ಯಾನಲ್ಲಿ ಎತ್ತಾಕ್ಕೊಂಡು ಹೋಯ್ತಾರೆ."

ಊರಿನವರಿಗೆ ಎಲ್ಲ ಗೊತ್ತಿತ್ತು. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವನು, "ಏನಕ್ಕ, ನಿಮ್ಮತ್ತೆಗೆ ಐದು ವರ್ಷದ ಮೊಮ್ಮಗಳು ರಾತ್ರೋರಾತ್ರಿ ಹುಟ್ಟವ್ಳಂತೆ? ನಾಮಕರಣಕ್ಕೆ ನಮ್ಮನ್ನ ಕರೀಲೇ ಇಲ್ಲ," ಅಂದ. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅಂಗನವಾಡಿ ಟೀಚರು ಮಾತ್ರ ನಗಲಿಲ್ಲ. "ಜೂನ್‌ಗೆ ಒಂದನೇ ಕ್ಲಾಸು. ಏನ್ ಮಾಡ್ತೀರಿ ಯೋಚ್ನೆ ಮಾಡಿ," ಅಂತ ಅಷ್ಟೇ ಹೇಳಿದರು.

ಫೋನು ಬಂದದ್ದು ಒಂದು ಮಧ್ಯಾಹ್ನ. ಗೊತ್ತಿಲ್ಲದ ನಂಬರು. ಕೊಟ್ಟಿಗೆಯ ಮುಂದೆ ಬೂಸಾ ನೆನೆ ಹಾಕುತ್ತಿದ್ದೆ, ಒದ್ದೆ ಕೈಯಲ್ಲೇ ಎತ್ತಿದೆ.

"ಅಕ್ಕಾ." ಅವಳ ದನಿ. ಅವಳ ಕನ್ನಡ ನಮ್ಮ ಕೊಟ್ಟಿಗೆಯಲ್ಲೇ ಕಲಿತದ್ದು, ಹಸು ಹುಲ್ಲು ಬಕೆಟ್ ಇಷ್ಟಕ್ಕೆ ಸಾಕಾಗುವಂಥದ್ದು. "ಅಕ್ಕಾ, ನಮ್ದು ಕಳಿಸ್ತಾರೆ. ಜಲ್ದಿ ಕಳಿಸ್ತಾರೆ. ಮಗಳು ಕರ್ಕೊಂಡ್ ಬನ್ನಿ."

"ಅಲ್ಲಿ ಹೇಳ್ದೇನಮ್ಮ, ಮಗಳವಳೆ ಅಂತ?"

"ಎಲ್ಲಾರ್ಗೂ ಹೇಳ್ದೆ. ಅವ್ರು ಹೇಳ್ತಾರೆ, ನಿಂದು ಮಗಳು ಇಲ್ಲ, ಆ ಮಗು ಆ ಮನೆದು, ಪೊಲೀಸ್ ಬರ್ದಿದಾರೆ. ಅಕ್ಕಾ, ನಾವು ಹೋದ್ರೆ ಮತ್ತೆ ಬರೋಕ್ ಆಗಲ್ಲ."

ಹಿಂದಿನಿಂದ ಯಾರೋ ಫೋನು ಕೇಳಿದರು. ಕಟ್ಟಾಯಿತು.

ನಾನು ಅದನ್ನು ಹೇಳಿದಾಗ ಅತ್ತೆ ಕೇರುತ್ತಿದ್ದ ಮೊರ ಕೆಳಗಿಟ್ಟರು. ಆಮೇಲೆ, "ಅಲ್ಲೇನೈತೆ ಅವಳಿಗೆ?" ಅಂದರು. "ಮನೆ ಐತಾ, ಮಠ ಐತಾ? ಆ ಊರು ಅವ್ರಮ್ಮನಿಗೇ ಗೊತ್ತಿಲ್ಲ. ಹೊಸಕೋಟೆ ಆಸ್ಪತ್ರೇಲಿ ಹುಟ್ದೋಳು ಇವಳು. ನಾನೇ ಬಾಣಂತಿಗೆ ಸಾರು ತಗೊಂಡು ಹೋಗಿದ್ದೆ. ಇಲ್ಲೇ ಇರ್ಲಿ. ಸ್ಕೂಲಿಗೆ ಸೇರ್ಸಾನ."

ಯಜಮಾನರು ಕಂಬಕ್ಕೊರಗಿ ಕೂತಿದ್ದರು. "ಅಮ್ಮ, ಅದು ಕರು ಅಲ್ಲ ಕಟ್ಟಾಕ್ಕೊಳಾಕೆ. ಹೆತ್ತೋಳು ಕೇಳ್ತಾವ್ಳೆ."

"ಹೆತ್ತೋಳು ಅತ್ತು ಅತ್ತು ಸುಮ್ನಾಗ್ತಾಳೆ. ಇದ್ರ ಬಾಳು ನೋಡ್ಬೇಕಲ್ವೇನ್ಲಾ?"

"ನನ್ನ ಯಾರಾದ್ರೂ ಹಂಗೆ ಇಟ್ಕೊಂಡಿದ್ರೆ ನೀನು ಸುಮ್ನಾಗ್ತಿದ್ದಾ?"

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಅತ್ತೆ ಅಂದದ್ದರಲ್ಲೂ ಸುಳ್ಳಿರಲಿಲ್ಲ. ಆ ಹುಡುಗಿಗೆ ಅವಳ ತಾಯಿಯ ಭಾಷೆಗಿಂತ ಕನ್ನಡ ಚೆನ್ನಾಗಿ ಬರುತ್ತಿತ್ತು. ಮುದ್ದೆ ಅಗಿಯದೆ ನುಂಗುವುದನ್ನು ಅತ್ತೆಯಿಂದ ಕಲಿತಿದ್ದಳು. ಆದರೆ ಫೋನಿನಲ್ಲಿ ಆ ದನಿ ಕೇಳಿದ್ದು ನಾನು. ಬೂಸಾ ಕಲಸುವಾಗ, ಪಾತ್ರೆ ಉಜ್ಜುವಾಗ, ಅದೇ ಕೇಳಿಸುತ್ತಿತ್ತು.

ಮಾರನೇ ದಿನ ಹುಡುಗಿಯನ್ನು ಕರೆದುಕೊಂಡು ಯಜಮಾನರೂ ನಾನೂ ಸ್ಟೇಷನ್ನಿಗೆ ಹೋದೆವು. ಸಾಹೇಬರು ಕೆಟ್ಟವರಲ್ಲ. ಕೂರಲು ಹೇಳಿದರು, ಹುಡುಗಿಗೆ ಬಿಸ್ಕತ್ತು ತರಿಸಿದರು. ಎಲ್ಲ ಕೇಳಿಸಿಕೊಂಡು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಮ್ಮ, ಅವತ್ತು ನಿಮ್ಮ ಮನೆ ಮಗು ಅಂದ್ರಿ. ಇವತ್ತು ಅವರ ಮಗು ಅಂತೀರಿ. ನಾಳೆ ಇನ್ಯಾರೋ ಬಂದು ಇದು ನಮ್ದು ಅಂದ್ರೆ? ಒಂದು ಮಗೂನ ದೇಶ ಬಿಟ್ಟು ಕಳಿಸೋ ವಿಷ್ಯ ಇದು. ತಪ್ಪಾಗಿ ಕಳಿಸಿದ್ರೆ ಯಾರು ವಾಪಸ್ ತರ್ತಾರೆ?"

ಯಜಮಾನರು ತಲೆ ತಗ್ಗಿಸಿ, "ಸಾರ್, ನಮ್ಮಮ್ಮಂಗೆ ವಯಸ್ಸಾಗೈತೆ," ಅಂದರು.

"ವಯಸ್ಸಾದೋರು ಸುಳ್ಳು ಹೇಳಿದ್ರೆ ಅದೂ ಸುಳ್ಳೇ ಅಲ್ವೇನಪ್ಪ. ನಾನೇನೂ ಮಾಡೋ ಹಂಗಿಲ್ಲ. ಮಕ್ಕಳ ವಿಷ್ಯ ನೋಡೋ ಮೇಡಂ ಒಬ್ಬರವ್ರೆ, ಅಲ್ಲಿಗೇ ಹೋಗಿ. ಫೋನ್ ಮಾಡಿ ಹೇಳ್ತೀನಿ."

ಆ ಮೇಡಂ ಸಿಕ್ಕುವುದು ನೆಲಮಂಗಲದ ಕಡೆ, ಅವಳ ತಾಯಿ ಇದ್ದ ಜಾಗದಲ್ಲೇ. ನಮ್ಮೂರಿನಿಂದ ನೆಲಮಂಗಲ ಅಂದರೆ ಜಿಲ್ಲೆಯ ಈ ತುದಿಯಿಂದ ಆ ತುದಿ. ಸೂಲಿಬೆಲೆಯಲ್ಲಿ ಬಸ್ಸು ಹತ್ತಿ ದೇವನಹಳ್ಳಿ, ಅಲ್ಲಿ ಇಳಿದು ಕಾದು ದೊಡ್ಡಬಳ್ಳಾಪುರ, ಅಲ್ಲಿ ಇಳಿದು ಕಾದು ನೆಲಮಂಗಲ, ಅಲ್ಲಿಂದ ಆಟೋ. ಯಜಮಾನರು ಹಾಲು ಕರೆಯಲು ಉಳಿದರು. ಹುಡುಗಿಯನ್ನು ಕರೆದುಕೊಂಡು ನಾನೊಬ್ಬಳೇ ಹೋದೆ. ಬಸ್ಸಿನಲ್ಲಿ ಕಂಡಕ್ಟರು, "ಮೊಮ್ಮಗಳಾ?" ಅಂದ. ಹುಡುಗಿ ನನಗಿಂತ ಮೊದಲೇ "ಹೂಂ" ಅಂದಳು.

ದೊಡ್ಡ ಗೇಟು, ಒಳಗೆ ಹಳದಿ ಬಣ್ಣದ ಕಟ್ಟಡ, ತಂತಿಯ ಮೇಲೆ ಒಣಹಾಕಿದ ಬಟ್ಟೆಗಳು. ಹೊರಗಿನ ಕೋಣೆಯಲ್ಲಿ ಕೂರಿಸಿದರು. ಮೇಡಂ ನನ್ನ ವಯಸ್ಸಿನವರೇ. ಕನ್ನಡಕ ಹಣೆಗೇರಿಸಿಕೊಂಡು ಹುಡುಗಿಯನ್ನು ಹತ್ತಿರ ಕರೆದರು.

"ನೀನು ಯಾರ ಮನೆ ಹುಡುಗಿ ಪುಟ್ಟಿ?"

"ಈ ಮನೆ ಮೊಮ್ಮಗಳು," ಅಂತ ನನ್ನನ್ನು ತೋರಿಸಿದಳು.

"ನಿಮ್ಮಮ್ಮ ಎಲ್ಲಿದಾರೆ?"

"ಮಾಲೂರಲ್ಲಿ."

ನಾನು ಅವಳ ಮುಂದೆ ಬಗ್ಗಿದೆ. "ಇಲ್ಲ ಕಣಮ್ಮ, ನಿಜ ಹೇಳು. ಅಜ್ಜಿ ಹೇಳ್ಕೊಟ್ಟಿದ್ದು ಬೇಡ ಈಗ," ಅಂದೆ. ಅವಳು ನನ್ನ ಕಡೆ ನೋಡಿದಳು. ನಾನು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಳೋ ಏನೋ, ಇನ್ನೂ ಗಟ್ಟಿಯಾಗಿ, "ಮಾಲೂರಲ್ಲಿ," ಅಂದಳು.

ಮೇಡಂ ಕನ್ನಡಕ ಇಳಿಸಿದರು. "ನೋಡಿಮ್ಮ, ಮಗು ಹೀಗೆ ಹೇಳ್ತಿದೆ. ಒಳಗಿರೋ ಹೆಂಗಸು ನನ್ನ ಮಗಳು ಅಂತ ಅಳ್ತಾಳೆ. ನೀವು ಅವಳದೇ ಅಂತೀರಿ. ಹುಟ್ಟಿದ ಸರ್ಟಿಫಿಕೇಟು ಯಾರ ಹತ್ರಾನೂ ಇಲ್ಲ. ನಂಗೂ ಹಂಗೇ ಅನ್ಸುತ್ತೆ. ಆದ್ರೆ ಅವತ್ತು ಯಾರು ನಮ್ಮದು ಅಂದ್ರೋ ಅವರೇ ಬಂದು ನನ್ನ ಮುಂದೆ ಇಲ್ಲ ಅನ್ನಬೇಕು. ಆಮೇಲೆ ತಾಯೀನ ಕರೆಸ್ತೀನಿ. ಅದಕ್ಕೆ ಮುಂಚೆ ಮಗೂನ ಅವಳ ಮುಂದೆ ನಿಲ್ಲಿಸಿ, ಆಮೇಲೆ ಕೊಡೋಕಾಗದೆ ಕಿತ್ಕೊಂಡು ಹೋಗೋದು ಬೇಡ. ಆ ಕಷ್ಟ ನಾನು ನೋಡಿದೀನಿ."

"ಎಷ್ಟು ದಿನ ಟೈಮಿದೆ ಮೇಡಂ?"

"ತಡ ಮಾಡಬೇಡಿ," ಅಂದರು.

ಅದೇ ಮೂರು ಬಸ್ಸು ಹತ್ತಿ ಇಳಿದು ವಾಪಸ್ ಬಂದೆ. ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ತಾಯಿ ಒಂದು ಗೋಡೆಯಾಚೆ ಇದ್ದದ್ದು ಅದಕ್ಕೆ ಗೊತ್ತಾಗಲೇ ಇಲ್ಲ. ಇಲ್ಲಿ ಹುಟ್ಟಿದ ಮಗುವನ್ನು ಇಲ್ಲಿಯದಲ್ಲ ಅನ್ನಿಸಲು ನಾನು ಊರೂರು ಅಲೆಯುತ್ತಿದ್ದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹುಡುಗಿಯ ಜಡೆ ಬಿಚ್ಚುತ್ತಿದ್ದರು. "ನಾನು ಬರಲ್ಲ," ಅಂದರು. "ಮೊಮ್ಮಗಳು ಅಂದಿದೀನಿ. ಬಾಯಿ ತುಂಬ ಅಂದ ಮೇಲೆ ಅಲ್ಲ ಅನ್ನಾಕೆ ನನ್ನ ನಾಲಿಗೆ ಏಳಲ್ಲ."

"ಅತ್ತೆ, ನೀವು ಬರದಿದ್ರೆ ಅವರು ಹೊರಟೋಗ್ತಾರೆ. ಇವಳು ದೊಡ್ಡೋಳಾದ ಮೇಲೆ ನಮ್ಮಮ್ಮ ಯಾಕೆ ನನ್ನ ಬಿಟ್ಟೋದ್ಲು ಅಂದ್ರೆ ಏನ್ ಹೇಳ್ತೀರಾ?"

ಅತ್ತೆ ಬಿಚ್ಚಿದ ಜಡೆಯನ್ನು ಹೆಣೆದು, ಮತ್ತೆ ಬಿಚ್ಚಿ, ಮತ್ತೆ ಹೆಣೆದರು. ಬೆಳಿಗ್ಗೆ ನಾನು ಹಾಲು ಹಾಕಿ ಬರುವಷ್ಟರಲ್ಲಿ ಅವರು ಸ್ನಾನ ಮಾಡಿ, ಮದುವೆ ಮನೆಗೆ ಉಡುವ ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಹುಡುಗಿಯ ಬಟ್ಟೆ, ಕೊನೇ ಮನೆಯ ಬೀಗ ತೆಗೆಸಿ ತಂದ ಅವಳ ತಾಯಿಯ ಎರಡು ಸೀರೆ, ಕೂಸಿನ ಸ್ವೆಟರು, ಒಂದು ಡಬ್ಬಿ ಹುರಿಹಿಟ್ಟು. "ಆ ಕಡೆ ರಾಗಿ ಸಿಗಲ್ಲಂತೆ," ಅಂದರು.

ಮೂವರೂ ಅದೇ ಬಸ್ಸುಗಳಲ್ಲಿ ಹೊರಟೆವು. ದೊಡ್ಡಬಳ್ಳಾಪುರದ ಸ್ಟ್ಯಾಂಡಿನಲ್ಲಿ ಹುಡುಗಿ ಇಡ್ಲಿ ತಿಂದಳು, ಅತ್ತೆ ಬರೀ ಕಾಫಿ ಕುಡಿದರು.

ಮೇಡಂ ಮುಂದೆ ಅವರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ, "ನಾನು ಹೇಳಿದ್ದು ಸುಳ್ಳು," ಅಂದರು. "ಇದು ನನ್ನ ಮೊಮ್ಮಗಳಲ್ಲ. ಅವಳ ಮಗಳೇ."

"ಯಾಕಜ್ಜಿ ಹಾಗೆ ಹೇಳಿದ್ರಿ?"

"ಮಗು ತಿಂತಾ ಇತ್ತು."

ಮೇಡಂಗೆ ಅರ್ಥವಾಗಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ರೊಟ್ಟಿ ತಿಂತಾ ಇತ್ತು ತಾಯಿ. ನಮ್ಮಲ್ಲಿ ಉಣ್ಣೋರ್ನ ತಟ್ಟೆ ಮುಂದಿಂದ ಎಬ್ಬಿಸಲ್ಲ. ಶತ್ರು ಆದ್ರೂ ಎಬ್ಬಿಸಲ್ಲ. ಅವ್ರದು ಅಂದಿದ್ರೆ ಆಗಲೇ ಎಬ್ಬಿಸ್ಕೊಂಡು ಹೋಗ್ತಿದ್ರು. ತಿಂದ್ಕೊಳ್ಲಿ, ಹೆಂಗೂ ಸಂಜೆಗೆ ಅಪ್ಪ ಅಮ್ಮ ಬರ್ತಾರಲ್ಲ ಅನ್ಕೊಂಡೆ. ಅಷ್ಟೇ ಇದ್ದಿದ್ದು ನನ್ನ ತಲೇಲಿ. ಆಮೇಲೆ ಅಭ್ಯಾಸ ಆಗ್ಬಿಡ್ತು."

ಮೇಡಂ ಪೆನ್ನು ತೆಗೆದರು. ಬರೆದರು, ಓದಿ ಹೇಳಿದರು, ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಹುಡುಗಿ ನಮ್ಮ ಮೂವರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು.

ಬಾಗಿಲಿನಲ್ಲಿ ಅವಳ ತಾಯಿ ಬಂದು ನಿಂತಳು. ಸೊರಗಿದ್ದಳು, ಕುಪ್ಪಸದ ತೋಳು ಸಡಿಲವಾಗಿತ್ತು. ಹುಡುಗಿ ಬೆಂಚಿನಿಂದ ಅರ್ಧ ಇಳಿದು, ಅಲ್ಲೇ ನಿಂತು, ಅತ್ತೆಯ ಕಡೆ ತಿರುಗಿದಳು. ಬಾಯಿ ತೆರೆದಿತ್ತು, ಕರೆಯಬಹುದೋ ಬೇಡವೋ ಅಂತ. ತಾಯಿಯೂ ಕರೆಯಲಿಲ್ಲ. ಅವಳೂ ಅತ್ತೆಯನ್ನೇ ನೋಡುತ್ತಿದ್ದಳು.

"ಹೋಗವ್ವ," ಅಂದರು ಅತ್ತೆ. "ಅವಳೇ ನಿಮ್ಮಮ್ಮ. ಇನ್ಮೇಲೆ ಯಾರು ಕೇಳಿದ್ರೂ ಅವಳೇ ಅನ್ನು."

ಆಗ ಓಡಿದಳು.

ತಾಯಿ ನೆಲದ ಮೇಲೆ ಕೂತು ಮಗಳನ್ನು ತೊಡೆಗೆ ಎಳೆದುಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಅವಳ ಹೆಬ್ಬೆರಳು ಹುಡುಗಿಯ ಹಣೆಯ ಕುಂಕುಮದ ಹತ್ತಿರ ನಿಂತಿತು. ಒರೆಸಿಬಿಡುತ್ತಾಳೇನೋ ಅಂತ ನನಗೆ ಒಂಥರಾ ಆಯಿತು. ಒರೆಸಲಿಲ್ಲ. ಬೈತಲೆ ಬಗೆದು ಹೇನು ಇದೆಯಾ ನೋಡಿದಳು, ಉಗುರು ನೋಡಿದಳು, ಮಂಡಿಯ ಹಳೇ ಗಾಯ ಮಾಗಿದೆಯಾ ಅಂತ ಲಂಗ ಎತ್ತಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಅಕ್ಕಾ, ರಾತ್ರಿ ಅಳ್ತಿದ್ಲಾ?"

ಇಲ್ಲ ಅಂದರೆ ಸಮಾಧಾನವೋ, ಹೌದು ಅಂದರೆ ಸಮಾಧಾನವೋ, ನನಗೆ ತಿಳಿಯಲಿಲ್ಲ. "ಅಳ್ತಿದ್ಲು," ಅಂದೆ. ಅವಳು ತಲೆಯಾಡಿಸಿದಳು.

ಗಂಡನನ್ನು ಬೇರೆ ಕಡೆ ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅವನನ್ನೂ ಕರೆತಂದರು. ತಾಯಿ ಒಳಗೆ ಮಲಗಿಸಿ ಬಂದಿದ್ದ ಕೂಸು ಅವನ ಹೆಗಲ ಮೇಲಿತ್ತು, ಅಕ್ಕನನ್ನು ನೋಡಿ ಕೈ ಬಡಿಯಿತು. ಅವನು ಅತ್ತೆಯ ಕಾಲು ಮುಟ್ಟಲು ಬಗ್ಗಿದ. ಅತ್ತೆ ಹಿಂದಕ್ಕೆ ಸರಿದು, "ಬ್ಯಾಡ ಕಣಪ್ಪ, ನನ್ನಿಂದಲೇ ಇಷ್ಟೆಲ್ಲ," ಅಂದರು. ಅವನಿಗೆ ಅಷ್ಟು ಕನ್ನಡ ಬಾರದು. ನಕ್ಕ.

ಹೊರಡುವಾಗ ಹುಡುಗಿ ಗೇಟಿನವರೆಗೆ ಬರಲಿಲ್ಲ. ತಾಯಿಯ ಸೆರಗು ಕೈಗೆ ಸುತ್ತಿಕೊಂಡು ಅಲ್ಲೇ ಕೂತಿದ್ದಳು. ಎಲ್ಲಿ ಮತ್ತೆ ನಮ್ಮ ಜೊತೆ ಕಳಿಸುತ್ತಾರೋ ಅಂತ ಇರಬೇಕು, ನಮ್ಮ ಕಡೆ ನೋಡಲೂ ಇಲ್ಲ. ಅತ್ತೆ ಎರಡು ಸಲ ತಿರುಗಿ ನೋಡಿದರು. "ಹಂಗೇ ಇರ್ಬೇಕು," ಅಂತ ಯಾರಿಗೋ ಹೇಳುವಂತೆ ಹೇಳಿದರು.

ಆಮೇಲೆ ಕೆಲವು ದಿನ ಏನೂ ಗೊತ್ತಾಗಲಿಲ್ಲ. ಕೊಟ್ಟಿಗೆ ಬಾಚುವುದು ಪೂರ್ತಿ ನನ್ನ ಪಾಲಿಗೇ ಬಂತು. ಸೊಂಟ ನೋವು. ಕೊನೇ ಮನೆ ಖಾಲಿ ಇದೆಯಾ ಅಂತ ಒಬ್ಬರು ಕೇಳಿಕೊಂಡು ಬಂದರು. ಯಜಮಾನರು ಅತ್ತೆಯ ಮುಖ ನೋಡಿ, "ರಿಪೇರಿ ಇದೆ, ಆಮೇಲೆ ಬನ್ನಿ," ಅಂತ ಕಳಿಸಿದರು. ಡೈರಿಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಅತ್ತೆ ರೊಟ್ಟಿ ಬಿಟ್ಟು ಬೆಳಿಗ್ಗೆಗೆ ಹಿಂದಿನ ರಾತ್ರಿಯ ಮುದ್ದೆಯನ್ನೇ ಮಜ್ಜಿಗೆಗೆ ಕಿವುಚಿಕೊಂಡು ಕುಡಿಯತೊಡಗಿದರು. ಒಂದು ದಿನ ಕಸ ಗುಡಿಸುತ್ತ, "ತಪ್ಪು ಮಾಡಿದ್ನಾ ಕಣಮ್ಮ? ಇಟ್ಕೊಬೇಕಾಗಿತ್ತಾ?" ಅಂದರು.

"ಗೊತ್ತಿಲ್ಲ ಅತ್ತೆ," ಅಂದೆ.

ಫೋನು ಬಂದಾಗ ನಾವಿಬ್ಬರೂ ಜಗಲಿಯ ಮೇಲೆ ಹುಣಸೆಹಣ್ಣು ಬೀಜ ಬಿಡಿಸುತ್ತಿದ್ದೆವು. ರೈಲಿನ ಸದ್ದು, ಅದರ ಮಧ್ಯೆ ಅವಳ ದನಿ. "ಅಕ್ಕಾ, ಟ್ರೈನಲ್ಲಿ ಇದೀವಿ. ಪೊಲೀಸ್ ಜೊತೆ. ಮಗಳು ಕಿಟಕಿ ಹತ್ರ." ಇನ್ನೂ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಯಾವ ಊರು ದಾಟುತ್ತಿದ್ದರೋ, ಕಟ್ಟಾಯಿತು. ವಾಪಸ್ ಮಾಡಿದೆ, ಹೋಗಲಿಲ್ಲ.

ಅತ್ತೆ ಕೈಯಲ್ಲಿ ಬೀಜ ಹಿಡಿದುಕೊಂಡೇ ಕೂತಿದ್ದರು. "ಎಲ್ಲಾ ಒಟ್ಟಿಗವ್ರಂತಾ?"

"ಹೂಂ ಅತ್ತೆ. ನಾಲ್ಕೂ ಜನ."

"ಅದೂ ಅಲ್ಲೇ ಐತಂತಾ?"

"ಕಿಟಕಿ ಹತ್ರ ಕೂತಿದಾಳಂತೆ."

ಅವರು ಬೀಜವನ್ನು ಮೊರಕ್ಕೆ ಹಾಕಿ, ಅಂಟಿದ ಕೈಯನ್ನು ತೊಳೆಯದೆ, ಅಲ್ಲೇ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಹಗಲಲ್ಲಿ ಅವರು ಮಲಗಿದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ನೋಡಿದವಳಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಉಳಿದ ಹುಣಸೆಹಣ್ಣನ್ನು ನಾನೇ ಬಿಡಿಸಿ ಮುಗಿಸಿದೆ. ಅಷ್ಟರಲ್ಲಿ ಹಸುಗಳು ಕೂಗಲು ಶುರು ಮಾಡಿದವು, ಹಾಲಿನ ಹೊತ್ತಾಗಿತ್ತು. ಕೈ ತೊಳೆದುಕೊಂಡು ಬಕೆಟ್ ಎತ್ತಿಕೊಂಡೆ.